ಅಂಟುಚೀಟಿ

ಟಿಬಿಲಿಸಿಯ ಅಂಚಿನ ಗೋದಾಮಿನಲ್ಲಿ
ನಾಜಿಬ್ರೋಲಾಳ ಹೆಬ್ಬೆರಳಿಗೆ ಹನ್ನೊಂದು ವರ್ಷದಿಂದ ಒಂದೇ ಕೆಲಸ:
ಪರದೇಶದ ಸೀಸೆಯ ಪರಭಾಷೆಯ ಮೇಲೆ
ಜಾರ್ಜಿಯನ್ ಅಕ್ಷರದ ಬಿಳಿ ಚೀಟಿ ಇಟ್ಟು ಒತ್ತುವುದು.
ಬೆರಳ ಗೆರೆ ಸವೆದುಹೋಗಿ
ಬ್ಯಾಂಕಿನ ಯಂತ್ರ ಅವಳ ಗುರುತು ಹಿಡಿಯುವುದಿಲ್ಲ.

ಎಣ್ಣೆ. ವಿನೆಗರ್. ಟೊಮ್ಯಾಟೊ ಗೊಜ್ಜು.
ಇರುವೆ ಸಾಲಿನಂಥ ಅಕ್ಷರ;
ಓದಲೆಂದು ಬರೆದದ್ದಲ್ಲ,
ಬರೆದಿದೆ ಎನ್ನಲೆಂದು ಬರೆದದ್ದು.

ಮೊನ್ನೆ ರಾತ್ರಿ ಕೆಂಪು ಬೀನ್ಸ್ ಕಾಳು ಕುದಿಯುತ್ತಿರಲು
ಮಸಾಲೆ ಸೀಸೆಯ ಚೀಟಿ ಹಬೆಗೆ ತಾನೇ ಬಿಚ್ಚಿಕೊಂಡಿತು.
ಮೇಲಿನ ಪಟ್ಟಿಯಲ್ಲಿ ಐದು.
ಕೆಳಗಿನದರಲ್ಲಿ ಏಳು.
ಆ ಭಾಷೆ ಬಾರದು ಅವಳಿಗೆ,
ಅಲ್ಪವಿರಾಮ ಎಣಿಸಲು ಬರುತ್ತದೆ.

"ಎರಡು ಗಡಿಯಲ್ಲೇ ಇಳಿದುಕೊಂಡವೋ?"
ಅತ್ತೆ ಪುಪುಲಿ ಕನ್ನಡಕ ಹಣೆಗೇರಿಸಿ ಕೇಳಿದಳು.
"ಇಲ್ಲ, ಒಳಗೇ ಇವೆ. ಹೆಸರಷ್ಟೇ ಇಳಿದದ್ದು."
"ಹೆಸರು ಹೇಳದ ನೆಂಟರಿಗೆ ನನ್ನ ಮೇಜಿನಲ್ಲಿ ತಟ್ಟೆಯಿಲ್ಲ"
ಎಂದವಳೇ ಮುದುಕಿ ಕಾಳಿಗೆ ಬರೀ ಉಪ್ಪು ಹಾಕಿದಳು.
ಸಪ್ಪೆಯಾಗಿತ್ತು. ಯಾರೂ ತುಟಿ ಬಿಚ್ಚಲಿಲ್ಲ.

ಚೀಟಿಯ ಮೂಲೆಯಲ್ಲಿ ಇನ್ನೊಂದು ಅಂಕಿಯಿತ್ತು,
ಅಂಟಿಸಿದವರ ಮೇಜಿನದು: ಹದಿನಾಲ್ಕು.
ಅದನ್ನವಳು ಅತ್ತೆಗೆ ಓದಿ ಹೇಳಲಿಲ್ಲ.

ಇಂದು ಬೆಳಗ್ಗೆ ಮೇಸ್ತ್ರಿ ತೆಂಗಿಜ್ ಗದರಿದ:
"ಹದಿನಾಲ್ಕರ ಚೀಟಿಗಳೆಲ್ಲ ಸೊಟ್ಟ!"
ಹೌದು, ಒಂದು ಉಗುರಿನಷ್ಟು ಕೆಳಗೆ,
ಅಡಿಯ ಸಾಲೊಂದು ಇಣುಕುವಷ್ಟು.
"ವಯಸ್ಸಾಯ್ತು, ಕೈ ನಡುಗುತ್ತೆ," ಎಂದಳು.
ಮುಂದಿನ ಸೀಸೆ ಎತ್ತಿಕೊಂಡಳು,
ತುಳುಕದ ಹಾಗೆ,
ಒಂದು ಗುಳ್ಳೆಯೂ ಏಳದ ಹಾಗೆ.