ನಾಕು ಉಳಿದಾವ

ಬೀದರ, ಚೌಬಾರದ ಹಿಂದಿನ ಓಣಿ.
ಅಳಿಯ ವೈಜಿನಾಥ ಹೊಸ ಕ್ಯಾಮೆರಾ ಟೇಬಲ್ ಮ್ಯಾಲಿಟ್ಟು ಹೇಳ್ತಾನ:
‘ರೋಲ್ ಇಲ್ಲ, ತೊಳೆಯೂದಿಲ್ಲ, ಮಾಮಾ.
ಕಣ್ಣು ಮುಚ್ಚಿದ್ದು ಬಂದ್ರ ಅಲ್ಲೇ ಅಳಿಸಿಬಿಡು.’

ಖರೇನ.
ಹೈಪೋ ವಾಸನಿ ಉಣ್ಣೂ ರೊಟ್ಟಿಗೂ ಹತ್ತೇದ.
ಹೈದರಾಬಾದಿನಿಂದ ಪೇಪರ್ ಬಂದು
ಎರಡು ತಿಂಗಳಾತು.

ಆದ್ರ ಡಬ್ಬಿಯೊಳಗ ಚಂದ್ರಕಲಾಳ ಒಂದು ನೆಗೆಟಿವ್:
ಕೋಟಿ ಮೆಟ್ಟಲ ಮ್ಯಾಲ, ಮದುವಿ ಮರುದಿನ,
ಗಾಳಿಗೆ ಕಣ್ಣು ಮುಚ್ಚ್ಯಾಳ.
ಮುಖ ಕರಿ, ಹಲ್ಲು ಕರಿ, ಕೂದಲು ಬೆಳ್ಳಗ.
‘ಈಗೇ ಮುದುಕಿ ಆಗೀದಿ ನೋಡು’
ಅಂದು ನಕ್ಕಿದ್ದೆ.

ಚಹಾ ಹಿಡಕೊಂಡು ಬರ್ತಾಳ.
ಕೂದಲಿನ ಮಟ್ಟಿಗೆ
ನೆಗೆಟಿವ್ ಸುಳ್ಳು ಹೇಳಿರಲಿಲ್ಲ.
‘ಏನು ಠರಾವಾತು?’

ಹಳೀ ಕ್ಯಾಮೆರಾದ ಅಂಕಿ ನೋಡ್ತೀನಿ: ಮೂವತ್ತೆರಡು.
ನಾಕು ಉಳಿದಾವ.
ಕಣ್ಣು ತೆರೆದು ನಿಂದ್ರು ಅಂತೀನಿ.
ನಗು ತಡೀಲಾರದ
ಮುಚ್ಚೇ ಬಿಡ್ತಾಳ.

ಮೂರು.