ಆಕ್ಷೇಪಣೆ

ಮಾನ್ಯರೇ,
ನಿಮ್ಮ ನಿರಾಕರಣೆ ತಲುಪಿತು. ಮೂರು ಹಾಳೆ, ಒಂದು ಲಕೋಟೆ.
ಅಂಗಡಿಯ ತಕ್ಕಡಿಯ ಮೇಲಿಟ್ಟೆ: ಇಪ್ಪತ್ತು ಗ್ರಾಂ.
ತಪ್ಪು ತಿಳಿಯಬೇಡಿ, ಮೂವತ್ತೊಂದು ವರ್ಷದ ಚಾಳಿ,
ಕೈಗೆ ಸಿಕ್ಕಿದ್ದನ್ನೆಲ್ಲ ತೂಗುತ್ತೇನೆ.

ಬೋಖುಮ್‌ನಲ್ಲಿ, ರೈಲುಸೇತುವೆಯ ಆಚೆ, ಮಾಂಸದಂಗಡಿ.
ಗಾಜಿನ ಹಿಂದೆ ನಿಂತಿರುವವಳು ನಾನು, ಸಿಗ್ರಿಡ್ ಕಮಿನ್ಸ್ಕಿ.
ಮುಂಬಾಗಿ ಹ್ಯಾಮ್ ಎತ್ತಿಕೊಳ್ಳಬೇಕು, ನೆಟ್ಟಗಾಗಿ ಕೊಯ್ಯಬೇಕು,
ಮತ್ತೆ ಮುಂಬಾಗಬೇಕು.
ಲೆಕ್ಕ ಇಟ್ಟವರಿಲ್ಲ.
ಸಂಜೆ ಬ್ರಾ ಬಿಚ್ಚಿದರೆ ಹೆಗಲ ಮೇಲೆ ಎರಡು ಕಾಲುವೆ,
ಬೆರಳಿಟ್ಟರೆ ಬೆರಳು ಕೂರುತ್ತದೆ.
ಜುಲೈನಲ್ಲಿ ಮೊಲೆಯ ಕೆಳಗೆ ಚರ್ಮ ಬೆಂದು ಸುಲಿಯುತ್ತದೆ,
ಸತುವಿನ ಮುಲಾಮು ಹಚ್ಚಿ, ಹಳೆಯ ಚಹಾಬಟ್ಟೆ ಮಡಚಿ ಸಿಕ್ಕಿಸಿ
ಗಿರಾಕಿಗಳಿಗೆ ನಗುತ್ತೇನೆ.

ನೀವು ಬರೆದಿದ್ದೀರಿ:
ಒಂದೊಂದು ಬದಿಯಿಂದ ಐನೂರು ಗ್ರಾಂ ತೆಗೆಯುವುದಿದ್ದರೆ ಕಾಯಿಲೆ,
ಅದಕ್ಕೆ ಕಡಿಮೆಯಾದರೆ ಅಂದಚಂದ.
ಡಾಕ್ಟರರ ಅಂದಾಜು ಬಲಕ್ಕೆ ಐನೂರ ಹತ್ತು,
ಎಡಕ್ಕೆ ನಾನೂರ ಎಂಬತ್ತು.
ಅಂದರೆ ನನ್ನ ಬಲಮೊಲೆ ರೋಗಿ,
ಎಡಮೊಲೆ ಬಿನ್ನಾಣಗಿತ್ತಿ.

ಇಪ್ಪತ್ತು ಗ್ರಾಂ ಎಷ್ಟೆಂದು ನಿಮಗೆ ಗೊತ್ತೇ?
ಅಮ್ಮನ ಕೋಟು ಹಿಡಿದು ಬರುವ ಮಗುವಿಗೆ
ಗಾಜಿನ ಮೇಲಿಂದ ಚಾಚಿ ಕೊಡುತ್ತೇವಲ್ಲ,
ಸುರುಳಿ ಸುತ್ತಿದ ಒಂದು ಹಾಳೆ ಸಾಸೇಜು,
ಅದಕ್ಕೆ ಬಿಲ್ಲಿಲ್ಲ.
ಅಷ್ಟೇ ಕೊರತೆ, ನಿಮ್ಮ ನಿಯಮಕ್ಕೂ ನನ್ನ ಬೆನ್ನಿಗೂ ನಡುವೆ.

ಈಜಿರಿ ಎಂದಿದ್ದೀರಿ. ಈಜಿದೆ.
ತೂಕ ಇಳಿಸಿ ಎಂದಿರಿ. ಹನ್ನೊಂದು ಕಿಲೋ ಇಳಿಸಿದೆ.
ಕೆನ್ನೆ ಹೋಯಿತು, ಕುಂಡೆ ಹೋಯಿತು,
ಇವೆರಡು ಮಾತ್ರ ಬಾಡಿಗೆ ಕೊಡದ ಬಿಡಾರದವರಂತೆ
ಅಲ್ಲೇ ಉಳಿದವು.
ಆರು ತಿಂಗಳು ಫಿಸಿಯೋಥೆರಪಿಗೆ ಹೋದೆ.
ಆ ಹುಡುಗ, ಯಾನಿಕ್, ಒಳ್ಳೆಯವನು,
ಕತ್ತು ಒತ್ತುತ್ತ ಒಮ್ಮೆ ಹೇಳಿದ:
ಮೂಲ ಮುಂದೆ ಇದೆ, ನಾನು ಹಿಂದೆ ಒತ್ತುತ್ತಿದ್ದೇನೆ.
ಅದನ್ನೇ ಬರೆದುಕೊಡು ಎಂದೆ. ನಾಚಿಕೊಂಡ.

ಫೋಟೋ ಕೇಳಿದ್ದಿರಿ, ಮುಂದಿನಿಂದ, ಎರಡೂ ಪಕ್ಕದಿಂದ.
ಬಿಳಿ ಗೋಡೆಗೆ ನಿಲ್ಲಿಸಿ
ಕತ್ತಿನಿಂದ ಹೊಕ್ಕುಳವರೆಗೆ ತೆಗೆದರು. ತಲೆ ಬೇಡವಂತೆ.
ಅಂಗಡಿಯಲ್ಲಿ ನಾವೂ ಹಾಗೆಯೇ ತೂಗುಹಾಕುತ್ತೇವೆ.

ನನ್ನಪ್ಪ ಗಣಿಯಲ್ಲಿದ್ದ.
ಅವನ ಬೆನ್ನು ಬಾಗಿದಾಗ ಅದಕ್ಕೊಂದು ಹೆಸರಿತ್ತು,
ಹೆಸರಿಗೊಂದು ಸಂಖ್ಯೆ, ಸಂಖ್ಯೆಗೊಂದು ಪಿಂಚಣಿ.
ಅವ್ವನ ಬೆನ್ನೂ ಅಷ್ಟೇ ಬಾಗಿತ್ತು.
ಮೂಗಿಗಿಂತ ಮೂಗುತಿ ಭಾರವಾದರೆ ಬಿಚ್ಚಿಡಬಹುದು;
ಇದನ್ನು ಎಲ್ಲಿ ಬಿಚ್ಚಿಡಲಿ ಎಂದು ಅವಳು
ಯಾರನ್ನೂ ಕೇಳಲಿಲ್ಲ.
ನಾನು ಕೇಳುತ್ತಿದ್ದೇನೆ. ಗಡುವು ಒಂದು ತಿಂಗಳು,
ಇವತ್ತಿಗೆ ಇಪ್ಪತ್ತಾರನೆಯ ದಿನ.

ಇನ್ನೊಂದು ಮಾತು, ಬರೆಯಬಾರದೇನೋ:
ನನಗೆ ಬೋರಲು ಮಲಗಬೇಕು.
ಹನ್ನೆರಡರ ವಯಸ್ಸಿನಲ್ಲಿ ಕೊನೆಯ ಸಲ ಮಲಗಿದ್ದೆ,
ದಿಂಬಿನಲ್ಲಿ ಮೂಗು ಹುಗಿದು. ಇನ್ನೂ ನೆನಪಿದೆ.
ಟ್ರಾಮಿನ ಹಿಂದೆ ಓಡಬೇಕು, ಕೈಯಿಂದ ಎದೆ ಹಿಡಿದುಕೊಳ್ಳದೆ.
ಸಿಗದಿದ್ದರೂ ಸರಿ.

ನಿನ್ನೆ ಅಂಗಡಿ ಮುಚ್ಚಿದ ಮೇಲೆ
ಷಟರ್ ಎಳೆದು, ತಕ್ಕಡಿ ತೊಳೆದು, ಒರೆಸಿ,
ಏಪ್ರನ್ ಬಿಚ್ಚಿ ಎಡದ್ದನ್ನು ಆ ತಣ್ಣನೆಯ ಉಕ್ಕಿನ ಮೇಲೆ ಇಟ್ಟೆ.
ಬಾಗಿಲ ಕಡೆ ನೋಡುತ್ತಲೇ, ಕಳ್ಳಿಯ ಹಾಗೆ.
ಅಂಕಿ ನಿಲ್ಲಲಿಲ್ಲ.
ಉಸಿರೆಳೆದರೆ ಇಳಿಯಿತು, ಬಿಟ್ಟರೆ ಏರಿತು.
ಕೊಯ್ದ ಮಾಂಸ ಹೀಗೆ ಮಾಡುವುದಿಲ್ಲ,
ಒಂದು ಸಲ ಹೇಳಿದ ತೂಕಕ್ಕೆ ನಿಲ್ಲುತ್ತದೆ.

ಹಾಕಿದ್ದು ಸ್ವಲ್ಪ ಹೆಚ್ಚಾಯಿತು, ಪರವಾಗಿಲ್ಲವೇ?
ದಿನಕ್ಕೆ ನೂರು ಸಲ ಕೇಳುತ್ತೇನೆ ಗಿರಾಕಿಗಳನ್ನು.
ಇರಲಿ ಬಿಡು, ಎನ್ನುತ್ತಾರೆ ಎಲ್ಲರೂ,
ಚಿಲ್ಲರೆ ಎಣಿಸುವ ಮುದುಕಿಯರೂ.