ಚಡ್ಡಿ ಜೇಬಿನ ಅಲಸಂದೆ

ಕೆರಗೋಡು ರಸ್ತೆಯ ನಮ್ಮ ಅಂಗನವಾಡಿಯ ಹಿಂಗೋಡೆಗೂ
ನೀರಿನ ಟ್ಯಾಂಕಿಗೂ ನಡುವೆ
ಎರಡು ಚಾಪೆ ಹಾಸುವಷ್ಟು ನೆಲ.
ಅಲ್ಲಿ ತೋಟ ಮಾಡಿ, ಫೋಟೋ ಕಳಿಸಿ ಎಂದು
ಮಂಡ್ಯದಿಂದ ಫೋನು.

ಇಟ್ಟಿಗೆ ಚೂರು, ಗುಟ್ಕಾ ಚೀಟಿ, ಮುರಿದ ಬಳಪ,
ಯಾವ ಕಾಲದ್ದೋ ಒಂಟಿ ಚಪ್ಪಲಿ.
ಆರಿಸಿದ್ದನ್ನು ಮಕ್ಕಳು ಬಿಸಾಡಲಿಲ್ಲ,
ಸಾಲಾಗಿ ಜೋಡಿಸಿ ಅಂಗಡಿ ಇಟ್ಟರು.
ಚಪ್ಪಲಿಗೆ ಐದು ರೂಪಾಯಿ. ಬಳಪಕ್ಕೆ ನೂರು.
ಬೆಣಚುಕಲ್ಲು ಮಾತ್ರ ಮಾರಾಟಕ್ಕಿಲ್ಲವಂತೆ.

ಸಹಾಯಕಿ ಕೆಂಪಾಜಮ್ಮ ಮನೆಯಿಂದ ಗುದ್ದಲಿ ತಂದಳು,
ನಾಲೆಯ ಮಗ್ಗುಲಿನ ಗೋಡುಮಣ್ಣು ಒಂದು ಚೀಲ.
ರಾತ್ರಿ ನೆನೆಹಾಕಿದ ಅಲಸಂದೆ
ಬೆಳಗ್ಗೆ ಉಬ್ಬಿತ್ತು, ಬೀಗರೂಟ ಉಂಡವರ ಹಾಗೆ.
ಹದಿನಾಲ್ಕು ಮಕ್ಕಳು, ಹದಿನಾಲ್ಕು ಕಾಳು.
ಬೆರಳಿನ ಒಂದು ಗೆಣ್ಣು ಆಳ, ಎಂದೆ.
ಯಾರ ಬೆರಳು ಎಂದು ಹೇಳಲಿಲ್ಲ.

ನಿಶ್ವಿಕಾ ಕಾಳಿಗೆ ಮುತ್ತು ಕೊಟ್ಟು ಹೂತಳು.
ಫರ್ಹಾನ ಕೇಳಿದ,
"ಒಳಗೆ ಕತ್ಲಲ್ವಾ? ಹೆದ್ರಿಕೊಳಲ್ವಾ?"
ನನಗೆ ಉತ್ತರ ಹೊಳೆಯಲಿಲ್ಲ.
"ಪಕ್ಕದಲ್ಲಿ ನಿಶ್ವಿಕನ್ ಕಾಳು ಐತಲ್ಲಪ್ಪ"
ಎಂದು ಕೆಂಪಾಜಮ್ಮನೇ ಕಾಪಾಡಿದಳು.

ಮಾರನೇ ದಿನ ಪ್ರಾರ್ಥನೆಗೂ ಮೊದಲು
ಮೋನಿಷ ತನ್ನ ಗುಳಿ ಕೆದಕಿ ಕೂತಿದ್ದ.
"ಏನ್ಲಾ ಮಾಡ್ತಿದ್ದೀಯಾ?"
"ನೋಡ್ತೀನಿ."
"ಏನ?"
"ಬಂತಾ ಅಂತ."
ಮುಚ್ಚಿಸಿದೆ. ಮೊಟ್ಟೆ ತಿಂದ ಕೈಯಲ್ಲೇ ಮತ್ತೆ ಕೆದಕಿದ.
ಹಿಂಗೆ ತೆಗ್ದು ತೆಗ್ದು ನೋಡುದ್ರೆ ಬರಕ್ಕಿಲ್ಲ ಕಣೋ,
ನಿದ್ದೆಗೆಟ್ಟು ಸತ್ತೋಯ್ತದೆ ಎಂದು ಗದರಿದೆ.
ಕೆಳತುಟಿ ಮುಂದೆ ಬಂತು. ಅಳಲಿಲ್ಲ.

ಅವತ್ತೇ ತಿಂಗಳ ತೂಕ.
ತೊಲೆಗೆ ತೂಗುಹಾಕಿದ ತಕ್ಕಡಿಯ ಚೀಲದಲ್ಲಿ
ಕಾಲು ಇಳಿಬಿಟ್ಟುಕೊಂಡು ಮೋನಿಷ.
ಮೂರು ವರ್ಷ ಏಳು ತಿಂಗಳು.
ಹನ್ನೊಂದು ಕೆಜಿ ಮುನ್ನೂರು ಗ್ರಾಂ. ಹಳದಿ ಪಟ್ಟಿ.
ಮುಳ್ಳು ಹೋದ ತಿಂಗಳು ನಿಂತಲ್ಲೇ ನಿಂತಿತ್ತು.
ಇಳಿಸಿ, ಮತ್ತೆ ಕೂರಿಸಿ ನೋಡಿದೆ.
ಮೂರನೇ ಸಲ ಎತ್ತುವಾಗ ಕೇಳಿದ:
"ಬಂತಾ, ಮಿಸ್ಸೇ?"

ಪುಸ್ತಕದೊಳಗೆ ಮುಖ ಹಾಕಿ ಬರೆದೆ.
ಅಷ್ಟರಲ್ಲಿ ಅವನು ಚಡ್ಡಿ ಒದ್ದೆ ಮಾಡಿಕೊಂಡಿದ್ದ.
ಕವರಿಗೆ ಹಾಕಿ, ಗಂಟು ಬಿಗಿದು, ಮನೆಗೆ ಕಳಿಸಿದೆ.

ಆಮೇಲೆ ಅವನು ಗುಳಿಯ ತಂಟೆಗೆ ಹೋಗಲಿಲ್ಲ.
ಬುದ್ಧಿ ಬಂತು ಎಂದುಕೊಂಡೆ.

ಐದನೇ ದಿನ ನೆಲ ಬಿರಿದು
ಹೊರೆ ಹೊತ್ತು ಏಳುವವರ ಹಾಗೆ
ಬೆನ್ನು ಬಾಗಿಸಿಕೊಂಡೇ ಎದ್ದವು.
ಒಂದರ ತಲೆ ಮೇಲೆ ಸಿಪ್ಪೆಯ ಟೋಪಿ,
ಅದನ್ನು ಬಿಚ್ಚಲು ಐದು ಜನ.
ಹನ್ನೆರಡು ಬಂದವು. ಒಂದನ್ನು ಕೋಳಿ ಕುಕ್ಕಿತ್ತು.
ಮೋನಿಷನ ಜಾಗದಲ್ಲಿ ಬರೀ ಮಣ್ಣು.
ಯಾರೂ ನೋಡದ ಹೊತ್ತು ನಾನೇ ಕೆದಕಿದೆ.
ಒಳಗೆ ಬೆಣಚುಕಲ್ಲು. ಕಾಳಿನಷ್ಟೇ ಗಾತ್ರ,
ತೊಳೆದಷ್ಟು ನುಣ್ಣಗೆ.

ಶನಿವಾರ ಅವರವ್ವ ಬಂದಳು, ಅರ್ಧ ಓಡಿಕೊಂಡು,
ಮದ್ದೂರಿನ ಗಾರ್ಮೆಂಟ್ಸ್ ವ್ಯಾನು ಹಾರ್ನ್ ಹೊಡೆಯುತ್ತಿತ್ತು.
"ಒಗೆಯಕ್ಕೆ ಪುರುಸೊತ್ತೇ ಆಗಿರ್ಲಿಲ್ಲ, ಬೈಬ್ಯಾಡಿ" ಎಂದು
ಕವರು ಬಿಚ್ಚಿದಳು. ನಾತ ಮೂಗಿಗೆ ಬಡಿಯಿತು.
ನೀಲಿ ಚಡ್ಡಿಯ ಜೇಬಿನೊಳಗೆ
ಹೊಲಿಗೆಯ ಸಂದಿಗೆ ಬಿಳಿ ಬೇರು ನುಗ್ಗಿಸಿ
ಒಂದು ಅಲಸಂದೆ.
"ಕೀಳಕ್ಕೆ ಮನ್ಸು ಬರ್ಲಿಲ್ಲ ಮಿಸ್ಸೇ."

ಹನ್ನೊಂದು ಕೆಜಿ ಮುನ್ನೂರರಲ್ಲಿ
ಅದೂ ಸೇರಿತ್ತಲ್ಲ ಎಂದು ನಗು ಬಂತು,
ನಗು ನಿಲ್ಲುವುದಕ್ಕೆ ಮೊದಲೇ ಇನ್ನೇನೋ.

ಕತ್ತರಿಯಿಂದ ಜೇಬು ಕತ್ತರಿಸಿ
ಜೇಬಿನ ಸಮೇತ ನೆಟ್ಟೆವು.
ಫೋಟೋ ಹೋಯಿತು. ಮಂಡ್ಯದಿಂದ ಫೋನು ಬಂತು:
"ಮೂಲೇಲಿ ಅದೇನ್ರೀ ಬಟ್ಟೆ?"

ಮೋನಿಷ ಕುಕ್ಕುರುಗಾಲಲ್ಲಿ ಕೂತಿದ್ದ,
ಬೆನ್ನ ಹಿಂದೆ ಒಂದು ಕೈಯನ್ನು ಇನ್ನೊಂದರಲ್ಲಿ ಹಿಡಿದು.
"ಎಷ್ಟೊತ್ತು ಮುಟ್ಬಾರ್ದು?"
"ನಾಳೆವರ್ಗೂ."
"ನಾಳೆ ಅಂದ್ರೆ?"
"ಒಂದ್ಸಲ ಮಲಗಿ ಎದ್ರೆ."

ಅಲ್ಲೇ ಗೋಡುಮಣ್ಣಿನ ಮೇಲೆ ಮಗ್ಗುಲಾದ.
ಕಣ್ಣು ಬಿಗಿಯಾಗಿ ಮುಚ್ಚಿದ.
ಎದ್ದ.